ಐದು ನಿಮಿಷದ ಬೆಂಕಿ: ಬಳಕೆದಾರರ ಕೈಪಿಡಿ

ಮೊದಲ ಮಾತು

ದ್ರಾವಣ ದಹನ ವಿಧಾನವನ್ನು ಆರಿಸಿಕೊಂಡ ನಿಮಗೆ ಅಭಿನಂದನೆಗಳು. ನಿಜ ಹೇಳಬೇಕೆಂದರೆ ಆರಿಸಿದ್ದು ನೀವಲ್ಲ, ನಿಮ್ಮ ಗೈಡ್. "ನೋಡಮ್ಮಾ, ನಿನಗಿರೋದು ನಾಲ್ಕು ತಿಂಗಳು. ಸಾಲ್-ಜೆಲ್ ಅಂತ ಕೂತರೆ ಜೆಲ್ ಗಟ್ಟಿಯಾಗೋ ಹೊತ್ತಿಗೆ ಸೆಮಿಸ್ಟರ್ ಮುಗಿದಿರುತ್ತೆ. ಕಂಬಶ್ಚನ್ ಮಾಡು, ಐದು ನಿಮಿಷದ ಕೆಲಸ" ಅಂದರು. ನೀವು "ಆಯ್ತು ಸರ್" ಅಂದಿರಿ. ಈ ಕೈಪಿಡಿ ಇರುವುದು ಆ ಐದು ನಿಮಿಷಕ್ಕೆ. ಮಿಕ್ಕ ನಾಲ್ಕು ತಿಂಗಳು, ಪುಡಿಯ ಹರಳನ್ನು ಗುರುತಿಸುವ ಎಕ್ಸ್‌ಆರ್‌ಡಿ ಯಂತ್ರದ ಸರದಿಯಲ್ಲಿ ಕಳೆಯುತ್ತದೆ. ಅದಕ್ಕೆ ಕೈಪಿಡಿ ಬೇಡ, ಕ್ಯಾಂಟೀನ್ ಸಾಕು.

ಸಾಧನ ಅಪ್ಪಟ ಸ್ವದೇಶಿ. ಹುಟ್ಟಿದ್ದು ನಮ್ಮ ಮೈಸೂರಿನಿಂದ ರೈಲಿನಲ್ಲಿ ಎರಡು ಮೂರು ಗಂಟೆ ದೂರದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಜೆ. ಜೆ. ಕಿಂಗ್‌ಸ್ಲೆ ಮತ್ತು ಕೆ. ಸಿ. ಪಾಟೀಲ ಅಲ್ಲಿ ಅಲ್ಯೂಮಿನಿಯಂ ನೈಟ್ರೇಟನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ 500 ಡಿಗ್ರಿಗೆ ಕಾದ ಕುಲುಮೆಯೊಳಗೆ ಇಟ್ಟರು. ದ್ರಾವಣ ಕುದಿಯಿತು, ನೊರೆ ಕಟ್ಟಿತು, ತಾನಾಗಿ ಹೊತ್ತಿಕೊಂಡು ಕಣ್ಣು ಕೋರೈಸುವಂತೆ ಉರಿಯಿತು. ಐದು ನಿಮಿಷದೊಳಗೆ ಬಟ್ಟಲ ತುಂಬ ಹಗುರವಾದ ಬಿಳಿ ನೊರೆ ಉಳಿಯಿತು. ಅದು ಆಲ್ಫಾ ಅಲ್ಯೂಮಿನಾ, ಅಂದರೆ ಮಾಣಿಕ್ಯ ಮತ್ತು ನೀಲಮಣಿಗಳ ಹರಳಿನ ಜಾತಿಯೇ. ಮಾಮೂಲಿ ದಾರಿಯಲ್ಲಿ ಈ ಜಾತಿಯನ್ನು ಪಡೆಯಬೇಕಾದರೆ 1100 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಸುಡಬೇಕು. 1988ರಲ್ಲಿ 'ಮೆಟೀರಿಯಲ್ಸ್ ಲೆಟರ್ಸ್' ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಆಮೇಲೆ ಜಿರ್ಕೋನಿಯಾ, ಫೆರೈಟ್, ಟ್ಯೂಬ್‌ಲೈಟಿಗೆ ಕೆಂಪು ಬೆಳಕು ಕೊಡುವ ಫಾಸ್ಫರ್, ವೇಗವರ್ಧಕ, ಬ್ಯಾಟರಿಯ ಪುಡಿ ಎಲ್ಲವನ್ನೂ ಇದೇ ರೀತಿ ಸುಟ್ಟು ತೆಗೆದರು. ಈಗ ಮೈಸೂರಿನಲ್ಲಿ ರಸಾಯನ ಅಥವಾ ಭೌತವಿಜ್ಞಾನದ ಸಂಶೋಧನೆ ನಡೆಯುವ ಕಟ್ಟಡದ ಕಾರಿಡಾರಿನಲ್ಲಿ ನಡೆದರೆ ಯಾವುದಾದರೊಂದು ಬಾಗಿಲಿನಿಂದ ಅಮೋನಿಯಾ ವಾಸನೆ ಬಂದೇ ಬರುತ್ತದೆ.

ಮನೆಯ ಹಿತ್ತಲಲ್ಲಿ, ಗ್ಯಾಸ್ ಒಲೆಯ ಮೇಲೆ ಇದನ್ನು ಮಾಡುವಂತಿಲ್ಲ. ಇಂಧನವಾದ ಯೂರಿಯಾ ಮತ್ತು ಆಕ್ಸಿಡೈಸರ್ ಆದ ನೈಟ್ರೇಟ್ ಒಂದೇ ಬಟ್ಟಲಲ್ಲಿ ಬೆರೆತಿವೆ ಎಂಬುದನ್ನು ಮರೆತವರಿಗಾಗಿ ಈ ಸಾಲು.

ಪೆಟ್ಟಿಗೆಯಲ್ಲಿ ಏನೇನಿದೆ

ಕುಲುಮೆ ಒಂದು. ಅಟೆಂಡರ್ ಹತ್ತಿರ ಹೋಗಿ "ಕುಲುಮೆ ಎಲ್ಲಿದೆ?" ಎಂದರೆ ಅಗ್ರಹಾರದ ಕಮ್ಮಾರನ ದಾರಿ ತೋರಿಸುತ್ತಾರೆ, "ಮಫಲ್ ಫರ್ನೇಸ್" ಎನ್ನಿ. ಅದರ ಬಾಗಿಲಿಗೆ ಆನಿಸಲು ಇಟ್ಟಿಗೆ ಒಂದು. ಇಟ್ಟಿಗೆಯೂ ಸಾಧನದ ಭಾಗ, ಎಸೆಯಬೇಡಿ.

ಬಟ್ಟಲು ಒಂದು. ಹಿಂದಿನ ಬ್ಯಾಚಿನವರು ಇದರಲ್ಲಿ ಕೋಬಾಲ್ಟ್ ಸುಟ್ಟಿದ್ದರೆ ಅಂಚಿನಲ್ಲಿ ಕಲೆ ಇರುತ್ತದೆ. ಅಲ್ಯೂಮಿನಾ ಜೊತೆ ಕೋಬಾಲ್ಟ್ ಸೇರಿ ಬಿಸಿಯಾದರೆ ಗಾಢ ನೀಲಿ ಬಣ್ಣ ಬರುತ್ತದೆ. ಹಾಗಾಗಿ ನಿಮ್ಮ ಬಿಳಿ ಪುಡಿ ಆಕಾಶದ ಬಣ್ಣಕ್ಕೆ ತಿರುಗಿದರೆ ಹೊಸ ವಸ್ತು ಕಂಡುಹಿಡಿದೆನೆಂದು ಯಾರಿಗೂ ಫೋನ್ ಮಾಡಬೇಡಿ. ಬಟ್ಟಲಿನ ವ್ಯಾಸ ಎಷ್ಟು, ಆಳ ಎಷ್ಟು ಎಂಬುದನ್ನು ಕೈಪಿಡಿ ಮುಂದೆ ಪದೇ ಪದೇ ಕೇಳುತ್ತದೆ. ಈಗಲೇ ಸ್ಕೇಲ್ ಇಟ್ಟು ಅಳೆದುಕೊಳ್ಳಿ. ಅಳೆಯುವುದಿಲ್ಲ ಎಂದು ಗೊತ್ತು. ಆದರೂ ಹೇಳಿದ್ದೇವೆ.

ಅಲ್ಯೂಮಿನಿಯಂ ನೈಟ್ರೇಟ್ ಬಾಟಲಿ ಒಂದು. ಲೇಬಲ್ಲಿನ ಪ್ರಕಾರ ಒಂದು ಅಣುವಿಗೆ ಒಂಬತ್ತು ನೀರು. ಆಷಾಢದಲ್ಲಿ ಇದು ಗಾಳಿಯ ತೇವವನ್ನೂ ಹೀರಿಕೊಂಡು ಬಾಟಲಿಯೊಳಗೆ ಕೆಸರಾಗುತ್ತದೆ. ಆಗ 20 ಗ್ರಾಂ ತೂಗಿದರೆ ಅದರಲ್ಲಿ ನೈಟ್ರೇಟ್ ಕಡಿಮೆ, ಚಾಮುಂಡಿಬೆಟ್ಟದ ಮೇಲಿನಿಂದ ಬಂದ ಮೋಡ ಹೆಚ್ಚು. ಚೈತ್ರದಲ್ಲಿ ಬಂದ ಫಲಿತಾಂಶ ಶ್ರಾವಣದಲ್ಲಿ ಬರಲಿಲ್ಲವೆಂದರೆ ಗ್ರಹಚಾರ ಬೇಡ, ಮುಚ್ಚಳ ನೋಡಿ.

ಯೂರಿಯಾ. ರೈತರ ಸೊಸೈಟಿಯಲ್ಲಿ ಸಿಗುವ ಮೂಟೆಯದಲ್ಲ. 2015ರಿಂದ ದೇಶದ ಗೊಬ್ಬರದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಗಿದೆ. ನಿಮಗೆ ಬೇಕಾದದ್ದು ಲೇಪವಿಲ್ಲದ, ಪ್ರಯೋಗಾಲಯದ ದರ್ಜೆಯದು.

ಇಲ್ಲಿ ಇಂಧನದ ಬಗ್ಗೆ ಎರಡು ಮಾತು. ಯೂರಿಯಾ ಬೇಸರವಾದವರಿಗೆ ಗ್ಲೈಸಿನ್ ಇದೆ, ಸಿಟ್ರಿಕ್ ಆಮ್ಲ ಇದೆ. ಅವೂ ಬೇಡವಾದವರು ಎಲೆ ಕೀಳಲು ಹೊರಡುತ್ತಾರೆ. ತುಳಸಿ, ಬೇವು, ಲೋಳೆಸರ, ಯಾವುದಾದರೊಂದು ಸೊಪ್ಪಿನ ಕಷಾಯವನ್ನು ಇಂಧನವೆಂದು ಸುರಿದು ಸುಟ್ಟರೆ ಅದು 'ಹಸಿರು ಸಂಶ್ಲೇಷಣೆ'. ಕರ್ನಾಟಕದಲ್ಲಿ ಈ ಪಂಥಕ್ಕೆ ಅನುಯಾಯಿಗಳು ಬಹಳ. ಕಷಾಯದಲ್ಲಿ ಎಷ್ಟು ಸಕ್ಕರೆ, ಎಷ್ಟು ಟ್ಯಾನಿನ್, ಸುಟ್ಟರೆ ಎಷ್ಟು ಶಾಖ ಎಂದು ಕೇಳುವುದು ಶಿಷ್ಟಾಚಾರವಲ್ಲ. ನಂಜನಗೂಡು ರಸಬಾಳೆಯ ಸಿಪ್ಪೆ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲದಿದ್ದರೆ ಬೇಗ ಹೊರಡಿ.

ಜೋಡಣೆ

ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ರಾಕೆಟ್ಟಿನವರಿಂದ ಬಂದ ಕಡ. 1981ರಲ್ಲಿ ಅದೇ ವಿಜ್ಞಾನ ಸಂಸ್ಥೆಯ ಎಸ್. ಆರ್. ಜೈನ್, ಕೆ. ಸಿ. ಅಡಿಗ, ವಿ. ಆರ್. ಪೈ ವೆರ್ನೇಕರ್ ಮೂವರು ಇಂಧನ ಮತ್ತು ಆಕ್ಸಿಡೈಸರ್‌ಗಳನ್ನು ಸರಿತೂಗಿಸಲು ಸುಲಭದ ದಾರಿಯೊಂದನ್ನು ತೋರಿಸಿದರು. ಕಾರ್ಬನ್‌ಗೆ +4, ಹೈಡ್ರೋಜನ್‌ಗೆ +1, ಆಕ್ಸಿಜನ್‌ಗೆ −2, ಅಲ್ಯೂಮಿನಿಯಂಗೆ +3, ನೈಟ್ರೋಜನ್‌ಗೆ ಸೊನ್ನೆ. ಕೂಡಿದರೆ ಅಲ್ಯೂಮಿನಿಯಂ ನೈಟ್ರೇಟಿನ ಸಾಲ 15, ಯೂರಿಯಾದ ಕೈಯಲ್ಲಿರುವ ಹಣ 6. ಒಂದು ನೈಟ್ರೇಟಿನ ಸಾಲ ತೀರಲು ಎರಡೂವರೆ ಯೂರಿಯಾ. ಇಷ್ಟೇ ಲೆಕ್ಕ. ಸಹಕಾರಿ ಬ್ಯಾಂಕಿನ ಗುಮಾಸ್ತರಿಗೂ ಬರುತ್ತದೆ.

ಆದರೆ ಇದೇ ಸಮೀಕರಣದ ಬಲಗಡೆಯನ್ನು ಒಮ್ಮೆ ಓದಿ. ಎರಡು ನೈಟ್ರೇಟ್, ಐದು ಯೂರಿಯಾ ಸೇರಿದರೆ ಸಿಗುವ ಅಲ್ಯೂಮಿನಾ ಒಂದೇ ಒಂದು ಮೋಲ್. ಜೊತೆಗೆ ಐದು ಮೋಲ್ ಇಂಗಾಲದ ಡೈಆಕ್ಸೈಡ್, ಹತ್ತು ಮೋಲ್ ನೀರಾವಿ, ಎಂಟು ಮೋಲ್ ನೈಟ್ರೋಜನ್. ಒಟ್ಟು ಇಪ್ಪತ್ತಮೂರು ಮೋಲ್ ಅನಿಲ. ನೈಟ್ರೇಟಿನ ಜೊತೆ ಮೊದಲೇ ಬಂದಿದ್ದ ಹದಿನೆಂಟು ನೀರು ಬೇರೆ. ತೂಕದಲ್ಲಿ ಹೇಳುವುದಾದರೆ 20 ಗ್ರಾಂ ನೈಟ್ರೇಟ್, 8 ಗ್ರಾಂ ಯೂರಿಯಾ ಬಟ್ಟಲಿಗೆ ಹೋಗುತ್ತದೆ, ಹೊರಗೆ ಬರುವುದು ಹೆಚ್ಚೆಂದರೆ 2.7 ಗ್ರಾಂ ಪುಡಿ. ಹತ್ತರಲ್ಲಿ ಒಂಬತ್ತು ಪಾಲು ಚಿಮಣಿಯ ಪಾಲು. ಪುಡಿ ತಯಾರಿಸುವ ಸಾಧನ ಎಂದು ಗೈಡ್ ಕೊಟ್ಟದ್ದು ಮೂಲತಃ ಗಾಳಿ ತಯಾರಿಸುವ ಸಾಧನ, ಪುಡಿ ಅದರ ಜೊತೆ ಓಡಿಹೋಗಲಾರದೆ ಉಳಿದದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದಿನ ಪುಟಗಳೆಲ್ಲ ಇದರ ಮೇಲೆಯೇ ನಿಂತಿವೆ.

ಚಾಲನೆ

ಹಂತ 1. ತೂಗಿದ ಎರಡನ್ನೂ ಬಟ್ಟಲಿಗೆ ಹಾಕಿ "ಕನಿಷ್ಠ ಪ್ರಮಾಣದ ನೀರಿನಲ್ಲಿ" ಕರಗಿಸಿ. ಈ ಪದಪುಂಜವನ್ನು ಎಲ್ಲರೂ ಬರೆಯುತ್ತಾರೆ. ಅದು ಎಷ್ಟು ಮಿಲಿಲೀಟರ್ ಎಂದು ಬರೆದವರನ್ನು ಹುಡುಕಬೇಕು. ನೀರು ಹೆಚ್ಚಾದರೆ ಕುದಿಸಿ ಕಳಿಸುವುದಕ್ಕೇ ಶಾಖ ಖರ್ಚಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಶುದ್ಧ ನೀರು 97.5 ಡಿಗ್ರಿ ಸುಮಾರಿಗೆ ಕುದಿಯುತ್ತದೆ ಎಂಬುದಷ್ಟೇ ನಿಮಗಿರುವ ರಿಯಾಯಿತಿ.

ಹಂತ 2. ಮೊದಲು ಕುಲುಮೆಯನ್ನು 500 ಡಿಗ್ರಿಗೆ ಏರಿಸಿ, ಆಮೇಲೆ ಬಟ್ಟಲು ಇಡಿ. ಅವಸರದಲ್ಲಿ ತಣ್ಣನೆಯ ಕುಲುಮೆಯೊಳಗೇ ಬಟ್ಟಲಿಟ್ಟು ಸ್ವಿಚ್ ಹಾಕಿ ಟೀ ಕುಡಿಯಲು ಹೋಗುವವರಿದ್ದಾರೆ. ಯೂರಿಯಾ 133 ಡಿಗ್ರಿಗೆ ಕರಗುತ್ತದೆ, ಇನ್ನೂ ಬಿಸಿಯಾದರೆ ಒಡೆದು ಅಮೋನಿಯಾ ಬಿಡತೊಡಗುತ್ತದೆ. ನಿಧಾನವಾಗಿ ಕಾಯಿಸಿದರೆ ಇಂಧನ ಉರಿಯುವ ಮೊದಲೇ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತದೆ. ಉಳಿದ ನೈಟ್ರೇಟ್ ಒಂಟಿಯಾಗಿ ಸಪ್ಪೆಯಾಗಿ ಒಡೆದು, ಹರಳೇ ಇಲ್ಲದ ಪುಡಿಯಾಗುತ್ತದೆ. ಅದೇ ಬಟ್ಟಲು, ಅದೇ ತೂಕ, ಅದೇ 500. ಬದಲಾದದ್ದು ಶಾಖ ಒಳಗೆ ಬಂದ ವೇಗ ಮಾತ್ರ.

ಹಂತ 3. ಮುಖಕ್ಕೆ ಶೀಲ್ಡ್, ಕೈಗೆ ಗ್ಲೌಸ್, ಉದ್ದನೆಯ ಇಕ್ಕಳ. ಬಾಗಿಲು ತೆರೆದು, ಇಟ್ಟು, ಮುಚ್ಚಿ. ನಡುವೆ ಯಾರಾದರೂ "ಊಟಕ್ಕೆ ಬರ್ತೀಯಾ ಮಗಾ?" ಎಂದರೆ ಉತ್ತರ ಕೊಡಬೇಡಿ, ತೆರೆದ ಬಾಗಿಲಿನಿಂದ ಕುಲುಮೆಯ ಬಿಸಿ ಹೊರಗೆ ಸುರಿಯುತ್ತಿರುತ್ತದೆ. ಹೊಗೆ ಎಳೆಯುವ ಫ್ಯಾನ್ ತಿರುಗುತ್ತಿದೆಯೇ ನೋಡಿ. ತಿರುಗುತ್ತಿಲ್ಲವಾದರೆ ಈ ಕೈಪಿಡಿಯನ್ನು ಇಲ್ಲಿಗೆ ಮುಚ್ಚಿ.

ಹಂತ 4. ನೋಡುತ್ತಿರಿ. ಮೊದಲು ಕುದಿ. ಆಮೇಲೆ ದ್ರಾವಣ ಮಂದವಾಗುತ್ತದೆ, ಪಾಕದ ಹಾಗೆ ಎಳೆ ಬರುತ್ತದೆ. (ಮೈಸೂರು, ಪಾಕ, ನೊರೆ, ತೂತು ಎಂದೊಡನೆ ಓದುಗರ ಮನಸ್ಸು ಸಯ್ಯಾಜಿರಾವ್ ರಸ್ತೆಯ ಕಡೆ ಹೊರಟಿರಬಹುದು. ಕೈಪಿಡಿ ಆ ಕಡೆ ಬರುವುದಿಲ್ಲ.) ಗುಳ್ಳೆಗಳು ಏಳುತ್ತವೆ. ಅಮೋನಿಯಾ, ಸಯಾನಿಕ್ ಆಮ್ಲ, ನೈಟ್ರೋಜನ್ ಆಕ್ಸೈಡ್‌ಗಳು ನೊರೆಯ ಗೂಡುಗಳಲ್ಲಿ ಸಿಕ್ಕಿಕೊಂಡು ಒಂದನ್ನೊಂದು ದಿಟ್ಟಿಸುತ್ತಿರುತ್ತವೆ. ಇಷ್ಟು ಹೊತ್ತು ಶಾಖ ಕುಲುಮೆಯಿಂದ ಬಟ್ಟಲಿಗೆ ಹರಿಯುತ್ತಿತ್ತು.

ಹಂತ 5.

(ಈ ಹಂತಕ್ಕೆ ಸೂಚನೆ ಇಲ್ಲ. ನೀವು ಮಾಡಬೇಕಾದದ್ದು, ಮಾಡಬಹುದಾದದ್ದು ಏನೂ ಇಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಹುಟ್ಟುವ ಶಾಖ ಕಳೆದುಹೋಗುವ ಶಾಖವನ್ನು ಮೀರುತ್ತದೆ. ಬಿಸಿ ಹೆಚ್ಚಿದಷ್ಟೂ ಕ್ರಿಯೆ ಜೋರು, ಕ್ರಿಯೆ ಜೋರಾದಷ್ಟೂ ಬಿಸಿ. ಈಗ ಶಾಖ ತಿರುಗಿ ಬಟ್ಟಲಿನಿಂದ ಕುಲುಮೆಗೆ ಹರಿಯುತ್ತದೆ. ಬಿಳಿ ಬೆಳಕು, 1500 ಡಿಗ್ರಿ ಆಸುಪಾಸು.)

ಹಂತ 6. ತಣ್ಣಗಾದ ಮೇಲೆ ಹೊರತೆಗೆದು, ಫೋಟೋ ತೆಗೆದು, ಗೈಡ್‌ಗೆ ವಾಟ್ಸಾಪ್ ಮಾಡಿ. ನೊರೆಯನ್ನು ಮುಟ್ಟಿದರೆ ಪುಡಿಯಾಗುತ್ತದೆ. ಫ್ಯಾನ್ ಕೆಳಗೆ ನಿಂತು ಮುಟ್ಟಬೇಡಿ. 2.7 ಗ್ರಾಂ ಅಷ್ಟೇ ಇರುವುದು.

ಫಲಕದ ಮೇಲಿನ ಕೆಂಪು ಅಂಕಿಯ ವಿಷಯ

ಹಂತ 5ರಲ್ಲಿ ಬಟ್ಟಲಿನೊಳಗೆ 1500 ಡಿಗ್ರಿ ಇದ್ದಾಗ ಕುಲುಮೆಯ ಫಲಕ ಏನು ತೋರಿಸಿತು? 500. ಹೆಚ್ಚೆಂದರೆ ಒಂದೆರಡು ಅಂಕಿ ಮೇಲೆ ಹೋಗಿ ನಾಚಿಕೊಂಡು ಹಿಂದೆ ಬಂದಿರಬಹುದು. ಥರ್ಮೋಕಪಲ್ ಇರುವುದು ಹಿಂಗೋಡೆಯಲ್ಲಿ, ಅದಕ್ಕೆ ಬಟ್ಟಲಿನ ಸುದ್ದಿ ತಲುಪುವ ಹೊತ್ತಿಗೆ ಜ್ವಾಲೆ ಆರಿಹೋಗಿರುತ್ತದೆ. ಇದು ದೋಷವಲ್ಲ. ಕುಲುಮೆ ತನ್ನ ಗೋಡೆಯ ಬಿಸಿ ಹೇಳುತ್ತಿದೆ, ಅದನ್ನೇ ಕೇಳಿದ್ದು. ಆದರೆ ನೀವು ಪ್ರಬಂಧದಲ್ಲಿ ಬರೆಯುವುದು "500 ಡಿಗ್ರಿಯಲ್ಲಿ ತಯಾರಿಸಲಾಯಿತು". ನಿಮ್ಮ ಹರಳು ಆ ಉಷ್ಣತೆಯಲ್ಲಿ ಹುಟ್ಟಿದ್ದೇ ಅಲ್ಲ. ಹುಟ್ಟಿದ ಜಾಗದ ಬದಲು ಆಸ್ಪತ್ರೆಯ ಗೇಟಿನ ವಿಳಾಸ ಕೊಟ್ಟ ಹಾಗೆ.

ಆ ಕೆಲವು ಕ್ಷಣಗಳಲ್ಲಿ ನಡೆಯುವುದನ್ನು ಕೈಪಿಡಿಕಾರ ಲೆಕ್ಕ ಹಾಕಿದ್ದಾನೆ, ಬೇಕಿದ್ದರೆ ನೀವೂ ಹಾಕಿ ನೋಡಿ. ಬಿಸಿ ವಸ್ತು ಹೊರಸೂಸುವ ವಿಕಿರಣ ಕೆಲ್ವಿನ್ ಉಷ್ಣತೆಯ ನಾಲ್ಕನೇ ಘಾತದಂತೆ ಏರುತ್ತದೆ. 500 ಡಿಗ್ರಿ ಎಂದರೆ 773 ಕೆಲ್ವಿನ್, 1500 ಎಂದರೆ 1773. ಬಟ್ಟಲು ಗೋಡೆಗಿಂತ ಸುಮಾರು ಇಪ್ಪತ್ತೆಂಟು ಪಟ್ಟು ಜೋರಾಗಿ ಶಾಖವನ್ನು ಉಗುಳುತ್ತಿರುತ್ತದೆ. ಅಷ್ಟಾದರೂ ಆ ಶಾಖದ ಮುಖ್ಯ ದಾರಿ ವಿಕಿರಣವಲ್ಲ, ಅನಿಲ. ಆ ಉಷ್ಣತೆಯಲ್ಲಿ ಒಂದು ಮೋಲ್ ಅನಿಲಕ್ಕೆ 145 ಲೀಟರ್ ಜಾಗ ಬೇಕು. ನಿಮ್ಮ 20 ಗ್ರಾಂ ನೈಟ್ರೇಟಿನ ಬಟ್ಟಲು ಬರಿಯ ದಹನದಲ್ಲೇ ಸುಮಾರು 90 ಲೀಟರ್ ಕಾದ ಅನಿಲವನ್ನು ಉಸಿರಾಡುತ್ತದೆ. ಇಪ್ಪತ್ತಮೂರು ಮೋಲ್ ಅನಿಲ ಮತ್ತು ಒಂದು ಮೋಲ್ ಅಲ್ಯೂಮಿನಾ ಒಂದೇ ಬಿಸಿಗೆ ಏರಿದರೆ ಆ ಶಾಖದ ಎಂಟರಲ್ಲಿ ಏಳು ಪಾಲು ಅನಿಲದ ಜೇಬಿನಲ್ಲಿರುತ್ತದೆ. ಅದು ಹೊರಟಿತೆಂದರೆ ಶಾಖವೂ ಹೊರಟಿತು.

ಇಡೀ ಜಾದೂ ಇಲ್ಲಿದೆ. ಹರಳು ಕಟ್ಟಲು ಭಾರೀ ಬಿಸಿ ಬೇಕು, ಆದರೆ ಬಿಸಿ ನಿಂತರೆ ಕಣಗಳು ಒಂದಕ್ಕೊಂದು ಬೆಸೆದು ದಪ್ಪಗಾಗುತ್ತವೆ. ಅನಿಲ ಎರಡನ್ನೂ ಸಂಭಾಳಿಸುತ್ತದೆ. ಹೊರಡುತ್ತ ಕಣಗಳನ್ನು ದೂರ ದೂರ ತಳ್ಳುತ್ತದೆ, ಹೊರಟ ಮೇಲೆ ಬಿಸಿಯನ್ನು ಉಳಿಸುವುದಿಲ್ಲ. ನ್ಯಾನೊ ಎಂಬ ಮೂರಕ್ಷರ... ಇರಲಿ, ಎರಡಕ್ಷರವೋ ಮೂರೋ, ಅದರ ಗುಟ್ಟು ರಾಸಾಯನಿಕ ಸೂತ್ರದಲ್ಲಿಲ್ಲ, ಶಾಖ ಎಷ್ಟು ಬೇಗ ಬಂತು, ಅನಿಲ ಎಷ್ಟು ಬೇಗ ಹೋಯಿತು ಎಂಬ ಓಟದ ಪಂದ್ಯದಲ್ಲಿದೆ. ಆ ಪಂದ್ಯದ ಫಲಿತಾಂಶವನ್ನು ನಿರ್ಧರಿಸುವುದು ದ್ರಾವಣದ ಆಳ, ಬಟ್ಟಲಿನ ಬಾಯಿಯ ಅಗಲ, ಬಟ್ಟಲಿನ ಗೋಡೆಯ ದಪ್ಪ, ಅದು ಪಿಂಗಾಣಿಯೋ ಗಾಜೋ ಎಂಬುದು, ಕುಲುಮೆಯ ಗಾತ್ರ, ಬಾಗಿಲ ಸಂದಿ. ಹೌದು, ಇಟ್ಟಿಗೆ ಕೂಡ.

ಈಗ ನಿಮ್ಮ ಮುಂದಿರುವ ಯಾವುದೇ ಸಂಶೋಧನಾ ಪ್ರಬಂಧ ತೆಗೆಯಿರಿ. ಪುಡಿಯ ಬಗ್ಗೆ ಹನ್ನೆರಡು ಚಿತ್ರ: ಎಕ್ಸ್‌ಆರ್‌ಡಿ, ಸೆಮ್, ಟೆಮ್, ರಾಮನ್. ಷೆರರ್ ಸೂತ್ರ ಹಾಕಿ ಹರಳಿನ ಗಾತ್ರವನ್ನು ನ್ಯಾನೊಮೀಟರಿನ ದಶಮಾಂಶದವರೆಗೆ ಕೊಟ್ಟಿರುತ್ತಾರೆ. ಆ ಹರಳನ್ನು ಹೆತ್ತ ಬೆಂಕಿಗೆ ಒಂದು ವಾಕ್ಯ. ಬಟ್ಟಲಿನ ವ್ಯಾಸಕ್ಕೆ ಅರ್ಧವೂ ಇಲ್ಲ. ಬೆಂಕಿಯ ಮೇಲೆ ವೇಗದ ಕ್ಯಾಮೆರಾ, ಇನ್‌ಫ್ರಾರೆಡ್ ಪೈರೋಮೀಟರ್ ತಿರುಗಿಸಿ ಕುಳಿತ ಪ್ರಯೋಗಾಲಯಗಳು ಜಗತ್ತಿನಲ್ಲಿ ಇಲ್ಲದಿಲ್ಲ, ಆದರೆ ಬಹುಪಾಲು ಜನರಿಗೆ ಬೆಂಕಿಯೆಂದರೆ 'ವಿಧಾನ' ಎಂಬ ಪ್ಯಾರಾದಲ್ಲಿ ಬೇಗ ದಾಟಿಬಿಡಬೇಕಾದ ಕೊಚ್ಚೆ. ಕೈಪಿಡಿಕಾರನಿಗೆ ಇದು ಸೋಮಾರಿತನ ಎನಿಸುವುದಿಲ್ಲ. ಪುಡಿ ಕಾಯುತ್ತದೆ, ಬೆಂಕಿ ಕಾಯುವುದಿಲ್ಲ. ಕಾಯುವುದನ್ನು ಅಳೆಯುವುದು ಸುಲಭ.

ಮಾದರಿ ಬಿ: ಅನಿಲವಿಲ್ಲದ ಬೆಂಕಿ

ಇದೇ ಮನೆತನದ ಹಿರಿಯಣ್ಣನೊಬ್ಬನಿದ್ದಾನೆ. ಅವನನ್ನು ಮುಟ್ಟುವ ಅನುಮತಿ ನಿಮಗಿಲ್ಲ, ಪರಿಚಯವಿರಲಿ ಎಂದು ಹೇಳುತ್ತಿದ್ದೇವೆ. 1967ರಲ್ಲಿ ಮಾಸ್ಕೋ ಬಳಿಯ ಚೆರ್ನೊಗೊಲೋವ್ಕಾದಲ್ಲಿ ಮೆರ್ಝಾನೊವ್, ಬೊರೊವಿನ್ಸ್ಕಾಯಾ, ಶ್ಕಿರೊ ಎಂಬ ಮೂವರು ಲೋಹದ ಪುಡಿಯನ್ನೂ ಬೋರಾನ್‌ನಂಥ ಅಲೋಹದ ಪುಡಿಯನ್ನೂ ಒತ್ತಿ ಗಟ್ಟಿ ಉರುಳೆ ಮಾಡಿ ಒಂದು ತುದಿಗೆ ಬೆಂಕಿ ಕೊಟ್ಟರೆ, ಬೆಳಗುವ ಅಲೆಯೊಂದು ಇನ್ನೊಂದು ತುದಿಯವರೆಗೆ ತಾನೇ ನಡೆದುಹೋಗುವುದನ್ನು ಕಂಡರು. ಜ್ವಾಲೆ ಏಳುವುದಿಲ್ಲ, ಹೊಗೆ ಇಲ್ಲ. ಘನ ಘನವಾಗಿಯೇ ಉರಿಯುತ್ತದೆ. ಟೈಟಾನಿಯಂ ಮತ್ತು ಇಂಗಾಲವಾದರೆ ಬಿಸಿ 3000 ಕೆಲ್ವಿನ್ ದಾಟಬಲ್ಲದು. ಅಲೆಯ ವೇಗ ಮಿಶ್ರಣಕ್ಕೆ ತಕ್ಕಂತೆ ಸೆಕೆಂಡಿಗೆ ಒಂದು ಮಿಲಿಮೀಟರಿನಿಂದ ಹತ್ತಾರು ಸೆಂಟಿಮೀಟರ್‌ವರೆಗೆ. ಲೆಕ್ಕದ ಬಿಸಿ 1800 ಕೆಲ್ವಿನ್‌ಗಿಂತ ಕಡಿಮೆಯಿದ್ದರೆ ಅಲೆ ಸಾಮಾನ್ಯವಾಗಿ ನಡುದಾರಿಯಲ್ಲೇ ಸೋತು ನಿಲ್ಲುತ್ತದೆ ಎಂಬುದು ಮೆರ್ಝಾನೊವ್ ಕೊಟ್ಟ ಅಂದಾಜು.

ಇಲ್ಲಿ ಅನಿಲದ ಜೇಬಿಲ್ಲ, ಹಾಗಾಗಿ ಶಾಖವೆಲ್ಲ ವಸ್ತುವಿನಲ್ಲೇ. ಘನದೊಳಗೆ ಶಾಖ ಸರಸರ ಹರಿಯುತ್ತದೆ, ಪರಮಾಣುಗಳು ಮಾತ್ರ ಸುಲಭವಾಗಿ ಜಾಗ ಬಿಟ್ಟು ಕದಲುವುದಿಲ್ಲ. ಈ ಎರಡು ವೇಗಗಳ ಜಗಳದಿಂದ ವಿಚಿತ್ರವೊಂದು ಹುಟ್ಟುತ್ತದೆ: ಅಲೆ ಕೆಲವೊಮ್ಮೆ ನೇರ ನಡೆಯದೆ ತಡೆತಡೆದು ಕುಂಟುತ್ತದೆ, ಇಲ್ಲವೇ ಒಂದು ಕಾದ ಚುಕ್ಕೆಯಾಗಿ ಉರುಳೆಯ ಸುತ್ತ ಸುರುಳಿ ಸುತ್ತುತ್ತ ಇಳಿಯುತ್ತದೆ. ಮುರಿದು ನೋಡಿದರೆ ಪದರ ಪದರದ ಗುರುತು ಉಳಿದಿರುತ್ತದೆ.

ಇದನ್ನೆಲ್ಲ ಸೋವಿಯತ್ ಸಾಹಸ ಎಂದುಕೊಳ್ಳುವ ಮೈಸೂರಿನವರು ದೇವರಕೋಣೆಗೆ ಹೋಗಿ ನೋಡಬಹುದು. ಊದುಬತ್ತಿ ಕೂಡ ತಾನೇ ನಡೆಯುವ ದಹನದ ಅಲೆ. 1948ರಲ್ಲಿ ಎನ್. ರಂಗರಾವ್ ಇಲ್ಲಿ ಶುರು ಮಾಡಿದ ವ್ಯಾಪಾರ ಸೈಕಲ್ ಬ್ರಾಂಡ್ ಆಗಿ ಪ್ರಪಂಚ ಸುತ್ತಿತು. ಮೈಸೂರು ಅಗರಬತ್ತಿಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ಇದ್ದಿಲ ಪುಡಿ, ಜಿಗಟು, ಬಿದಿರ ಕಡ್ಡಿ, ಸುಗಂಧ; ತುದಿಗೆ ಕಿಡಿ ಕೊಟ್ಟರೆ ನಿಮಿಷಕ್ಕೆ ಕೆಲವೇ ಮಿಲಿಮೀಟರಿನಂತೆ ಕೆಂಡ ಇಳಿಯುತ್ತದೆ. ಟೈಟಾನಿಯಂ ಉರುಳೆಗೂ ಇದಕ್ಕೂ ಮುಖ್ಯ ವ್ಯತ್ಯಾಸ ಇದು, ಬತ್ತಿಗೆ ಆಕ್ಸಿಜನ್ ಹೊರಗಿನಿಂದ ಬೂದಿಯನ್ನು ದಾಟಿ ಬರಬೇಕು. ಅದಕ್ಕೇ ಈ ಗಜಗಮನ. ಊದಿದರೆ ಕೆಂಪೇರುವುದೂ ಅದಕ್ಕೇ. ಬತ್ತಿ ತೀಡುವ ಹೆಂಗಸರು ದಪ್ಪ ಹೆಚ್ಚಾದರೆ ಉರಿಯುವ ರೀತಿ ಬದಲಾಗುತ್ತದೆಂದು ಯಾವ ಸಮೀಕರಣವನ್ನೂ ಬರೆಯದೆ ಬಲ್ಲರು, ಕಡ್ಡಿಯಿಂದ ಕಡ್ಡಿಗೆ ಒಂದೇ ಅಳತೆ ಇಡುತ್ತಾರೆ. ನಿಮ್ಮ ಬಟ್ಟಲಿನ ವ್ಯಾಸದ ಬಗ್ಗೆ ಇಷ್ಟು ಕಾಳಜಿ ಯಾರಿಗೂ ಇಲ್ಲ.

ಇನ್ನೊಂದು ಉದಾಹರಣೆ ರೈಲು ಹಳಿಯ ಮೇಲಿದೆ. ಹಳಿಗೆ ಹಳಿ ಬೆಸೆಯಲು ಬಳಸುವ ಥರ್ಮಿಟ್ ಕ್ರಿಯೆ ಹಾನ್ಸ್ ಗೋಲ್ಡ್‌ಶ್ಮಿಟ್ 1895ರಲ್ಲಿ ಪೇಟೆಂಟ್ ಮಾಡಿದ್ದು. ಅಲ್ಯೂಮಿನಿಯಂ ಕಬ್ಬಿಣದ ಆಕ್ಸೈಡಿನಿಂದ ಆಕ್ಸಿಜನ್ ಕಿತ್ತುಕೊಳ್ಳುತ್ತದೆ, ಕರಗಿದ ಕಬ್ಬಿಣ ಭಾರವಾಗಿ ಕೆಳಗಿಳಿದು ಸಂದಿಗೆ ತುಂಬಿಕೊಳ್ಳುತ್ತದೆ, ಅಲ್ಯೂಮಿನಾ ಹಗುರವಾಗಿ ಮೇಲೆ ತೇಲುತ್ತದೆ. ತೇಲಿದ್ದನ್ನು ಗ್ಯಾಂಗ್‌ಮನ್‌ಗಳು ಕಸವೆಂದು ಸುತ್ತಿಗೆಯಿಂದ ಒಡೆದು ಬಿಸಾಡುತ್ತಾರೆ. ನೀವು ನಾಲ್ಕು ತಿಂಗಳು ಒದ್ದಾಡಿ 2.7 ಗ್ರಾಂ ಸಂಪಾದಿಸಿದ ವಸ್ತು ಅದೇ. ಬೇಸರ ಬೇಡ. ಅದರ ಕಣ ದಪ್ಪ.

ತೊಂದರೆ ನಿವಾರಣೆ

ಬೆಂಕಿಯೇ ಬರಲಿಲ್ಲ: ಹಂತ 2 ಮತ್ತೆ ಓದಿ. ಅದು ಸರಿಯಿದ್ದರೆ ಬಟ್ಟಲು ಬಹಳ ಅಗಲ, ದ್ರಾವಣ ಬಹಳ ತೆಳು. ಹುಟ್ಟಿದ ಶಾಖ ಹುಟ್ಟಿದ ಕೂಡಲೇ ಸೋರಿಹೋಗುತ್ತಿದೆ.

ಕಂದು ಹೊಗೆ: ಇಂಧನ ಸಾಲಲಿಲ್ಲ, ನೈಟ್ರೇಟ್ ತನ್ನ ಪಾಡಿಗೆ ನೈಟ್ರೋಜನ್ ಡೈಆಕ್ಸೈಡ್ ಆಗಿ ಹೊರಟಿದೆ. ಮೊದಲು ಕೊಠಡಿಯಿಂದ ಹೊರಗೆ ಬನ್ನಿ, ಲೆಕ್ಕ ಆಮೇಲೆ.

ಪುಡಿ ಕಪ್ಪು: ಇಂಧನ ಹೆಚ್ಚಾಯಿತು, ಗಾಳಿ ಒಳಗೆ ಬರಲಿಲ್ಲ, ಇಂಗಾಲ ಉಳಿಯಿತು. ಆಷಾಢವಾಗಿದ್ದರೆ ನೈಟ್ರೇಟ್ ಬಾಟಲಿಯನ್ನೇ ಅನುಮಾನಿಸಿ. ಕೆಲವರು ಇದನ್ನು "ಇಂಗಾಲ ಲೇಪಿತ ಸಂಯುಕ್ತ" ಎಂದು ಹೆಸರಿಟ್ಟು ಇನ್ನೊಂದು ಪ್ರಬಂಧ ಮಾಡುತ್ತಾರೆ. ಕೈಪಿಡಿ ಇದಕ್ಕೆ ಹೂಂ ಎನ್ನುವುದೂ ಇಲ್ಲ, ಉಹುಂ ಎನ್ನುವುದೂ ಇಲ್ಲ.

ಪುಡಿ ಬಟ್ಟಲಿನಲ್ಲಿಲ್ಲ, ಕುಲುಮೆಯ ಚಾವಣಿಯಲ್ಲಿದೆ: 90 ಲೀಟರಿಗೆ ಬಾಯಿ ಸಾಲಲಿಲ್ಲ. ಕೆರೆದು ತೆಗೆದರೆ ಹಿಂದಿನ ಹತ್ತು ವರ್ಷದ ಸಂಶೋಧನೆಯೂ ಜೊತೆಗೆ ಬರುತ್ತದೆ.

ನಿಮಗೆ ಬಂದದ್ದು ಸೀನಿಯರ್‌ಗೆ ಬಂದದ್ದಕ್ಕಿಂತ ಬೇರೆ: "ಅಕ್ಕ, ನೀವು ಯಾವ ಬಟ್ಟಲಲ್ಲಿ ಮಾಡಿದ್ರಿ?" ಎಂದು ಕೇಳಿ. "ಅಯ್ಯೋ, ಯಾವುದೋ ಬಟ್ಟಲು ಕಣೇ" ಎಂಬ ಉತ್ತರ ಬರುತ್ತದೆ. ತೊಂದರೆ ಪತ್ತೆಯಾಯಿತು, ನಿವಾರಣೆ ಆಗಲಿಲ್ಲ.

ಹೆಚ್ಚು ಪ್ರಮಾಣದಲ್ಲಿ ಬೇಕಾದವರಿಗೆ

ಒಂದು ದಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆಯಿಂದ ಯಾರೋ ಬಂದು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಚೆನ್ನಾಗಿದೆ ಸರ್, ಹತ್ತು ಕೇಜಿ ಮಾಡಿಕೊಡಿ" ಎನ್ನುತ್ತಾರೆ. ಗೈಡ್ ನಿಮ್ಮ ಕಡೆ ನೋಡುತ್ತಾರೆ. ನೀವು ನೆಲ ನೋಡಿ.

2.7 ಗ್ರಾಮಿನಿಂದ ಹತ್ತು ಕಿಲೋಗೆ ಹೋಗುವುದು ದೊಡ್ಡ ಪಾತ್ರೆಯ ಪ್ರಶ್ನೆಯಲ್ಲ. ಪಾತ್ರೆಯ ಅಳತೆ ಎಲ್ಲ ದಿಕ್ಕಿಗೂ ಇಮ್ಮಡಿಯಾದರೆ ಒಳಗೆ ಹುಟ್ಟುವ ಶಾಖ ಎಂಟು ಪಟ್ಟು, ಅದು ಹೊರಹೋಗುವ ಮೈ ನಾಲ್ಕೇ ಪಟ್ಟು. ಅನಿಲಕ್ಕೂ ಅದೇ ಗತಿ, ಎಂಟು ಪಟ್ಟು ಜನ, ನಾಲ್ಕು ಪಟ್ಟು ಬಾಗಿಲು. ದಸರಾ ಮುಗಿದು ಬನ್ನಿಮಂಟಪದಿಂದ ಹೊರಬಂದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ನಡುವಿನ ಪುಡಿ ಹೆಚ್ಚು ಹೊತ್ತು ಬೆಂದು ಹೆಣೆದುಕೊಳ್ಳುತ್ತದೆ, ಅಂಚಿನದು ಅರೆಬೆಂದು ಉಳಿಯುತ್ತದೆ, ದ್ರಾವಣವೆಲ್ಲ ಒಂದೇ ಸಲ ಹೊತ್ತಿದರೆ ಅದಕ್ಕೆ ದಹನ ಎಂಬ ಹೆಸರು ಒಪ್ಪುವುದಿಲ್ಲ. ಸೂತ್ರ ಬದಲಾಗಿಲ್ಲ, ವಸ್ತು ಬದಲಾಗಿದೆ.

ದಾರಿಗಳಿಲ್ಲವೆಂದಲ್ಲ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮುಕಸ್ಯಾನ್ ಅವರ ತಂಡ ದ್ರಾವಣವನ್ನು ತೆಳು ಕಾಗದಕ್ಕೆ ಹೀರಿಸಿ, ಒಣಗಿಸಿ, ಒಂದು ತುದಿಗೆ ಬೆಂಕಿ ಕೊಟ್ಟು ನೋಡಿತು. ಪಾತ್ರೆಯ ಆಳವೇ ಇಲ್ಲವಾದ್ದರಿಂದ ಬೆಂಕಿ ಹಾಳೆಯುದ್ದಕ್ಕೂ ಅಲೆಯಾಗಿ ನಡೆಯುತ್ತದೆ, ಅನಿಲ ಎರಡೂ ಬದಿಯಿಂದ ಹೊರಡುತ್ತದೆ, ಹಾಳೆ ಸರಿಯುತ್ತಿದ್ದರೆ ಪುಡಿ ಬರುತ್ತಲೇ ಇರುತ್ತದೆ. ದ್ರಾವಣವನ್ನು ಹನಿ ಹನಿಯಾಗಿ ಕಾದ ಕೊಳವೆಗೆ ಸಿಂಪಡಿಸುವವರೂ ಇದ್ದಾರೆ, ಆಗ ಪ್ರತಿ ಹನಿಯೂ ತನ್ನದೇ ಪುಟ್ಟ ಬಟ್ಟಲು. ಯಾವ ದಾರಿ ಹಿಡಿದರೂ ಮಾಡುವುದು ಒಂದೇ ಕೆಲಸ, ಬೆಂಕಿಯನ್ನು ದೊಡ್ಡದು ಮಾಡದೆ ಅದರ ಸಂಖ್ಯೆ ಹೆಚ್ಚಿಸುವುದು. ಹತ್ತು ಕೇಜಿ ಕೇಳಿದವರಿಗೆ ಇದನ್ನು ಹೇಳಿದರೆ "ಹಾಗಾದರೆ ಇದೇ ಬಟ್ಟಲಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಸಲ ಮಾಡಿಬಿಡಿ" ಎನ್ನಬಹುದು. ಲೆಕ್ಕ ಸರಿಯಾಗಿಯೇ ಇದೆ. ಗೈಡ್ ಮತ್ತೆ ನಿಮ್ಮ ಕಡೆ ನೋಡುವ ಮೊದಲು ಎಕ್ಸ್‌ಆರ್‌ಡಿ ಸರದಿಗೆ ಹೋಗಿ ನಿಲ್ಲಿ.

ವಾರಂಟಿ

ಈ ಸಾಧನದಿಂದ ದೊರೆತ ಪುಡಿಗೆ ಒಂದು ಪ್ರಬಂಧದ ವಾರಂಟಿ ಇದೆ. ಬಟ್ಟಲು ಬದಲಾಯಿಸಿದರೆ, ಕುಲುಮೆ ಬದಲಾಯಿಸಿದರೆ, ಬಾಗಿಲಿನ ಇಟ್ಟಿಗೆಯನ್ನು ಪಕ್ಕದ ವಿಭಾಗದವರು ಒಯ್ದರೆ, ನೀರನ್ನು "ಅಂದಾಜಿಗೆ" ಹಾಕಿದರೆ, ಆಷಾಢ ಮಾಸದಲ್ಲಿ ಬಾಟಲಿಯ ಮುಚ್ಚಳ ತೆರೆದಿಟ್ಟರೆ ವಾರಂಟಿ ರದ್ದಾಗುತ್ತದೆ. ಎಲೆಯ ಕಷಾಯ ಬಳಸಿದವರಿಗೆ ವಾರಂಟಿ ಅನ್ವಯಿಸುವುದಿಲ್ಲ, ಗಿಡದ ಹತ್ತಿರ ಕೇಳಬೇಕು.

ದೂರುಗಳನ್ನು ಬರಹದಲ್ಲಿ, ಬಟ್ಟಲಿನ ವ್ಯಾಸ ಮತ್ತು ದ್ರಾವಣದ ಆಳವನ್ನು ನಮೂದಿಸಿ ಕಳುಹಿಸತಕ್ಕದ್ದು. ನಮೂದಿಸದ ದೂರುಗಳನ್ನು ಸ್ವೀಕರಿಸುವುದಿಲ್ಲ. ನಮೂದಿಸಿದ ದೂರು ಇದುವರೆಗೆ ಬಂದಿಲ್ಲ.